ಉನ್ಮತ್ತೆಯರೆಂದು ಹೆಸರಿಟ್ಟವರು ಯಾರು?

ನಿವೃತ್ತಿಯ ನಂತರ ನನ್ನ ಬೆಳಗಿನ ಕಾಫಿಗೆ ಸಂಗಾತಿಯಾಗಿರುವುದು ಇಂಗ್ಲಿಷ್ ದಿನಪತ್ರಿಕೆಯ ಪದಬಂಧ. ಕೆಲವು ವಾರಗಳ ಹಿಂದೆ ಅದರಲ್ಲಿ ಒಂದು ಸುಳಿವು ಬಂದಿತ್ತು: ‘ಉನ್ಮತ್ತ ಸ್ತ್ರೀ, ಆರು ಅಕ್ಷರ’. ಉತ್ತರ ‘ಮೀನಾಡ್’. ಖಚಿತಪಡಿಸಿಕೊಳ್ಳಲು ನಿಘಂಟನ್ನು ತೆರೆದರೆ ಅದೂ ಎರಡೇ ಮಾತಿನಲ್ಲಿ ಮುಗಿಸಿತ್ತು: ಗ್ರೀಕ್ ಪುರಾಣಗಳಲ್ಲಿ ಮದ್ಯದ ದೇವತೆ ಡಯೊನೈಸಸ್‌ನ ಅನುಯಾಯಿನಿ, ಹುಚ್ಚೆದ್ದ ಹೆಂಗಸು. ಚೌಕಗಳನ್ನು ತುಂಬಲು ಇಷ್ಟು ಸಾಕು. ಆದರೆ ಹುಚ್ಚೆದ್ದ ಹೆಂಗಸರಿಗೆಂದೇ ಒಂದು ಜನಾಂಗವಿಡೀ ಪ್ರತ್ಯೇಕ ನಾಮಪದವನ್ನು ಕಾಯ್ದಿಟ್ಟುಕೊಂಡದ್ದೇಕೆ, ಹುಚ್ಚೆದ್ದ ಗಂಡಸರ ಗುಂಪಿಗೆ ಅದೇ ಧಾತುವಿನಿಂದ ಅಂಥ ಹೆಸರು ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅರ್ಥಶಾಸ್ತ್ರ ಓದಿ, ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಇದು ಪರಿಣತಿಯ ಕ್ಷೇತ್ರವಲ್ಲ. ಆದರೂ ಓದುತ್ತ ಹೋದಂತೆ ಈ ಪದದ ಚರಿತ್ರೆಯಲ್ಲಿ ಅರ್ಥಶಾಸ್ತ್ರವೂ ಇದೆ, ಆಡಳಿತವೂ ಇದೆ ಎಂಬುದು ಕಂಡುಬಂದಿತು.

ಪದದ ಮೂಲ ರೂಪ ‘ಮೈನಾಸ್’; ಅದರ ಬಹುವಚನ ‘ಮೈನಾದೆಸ್’. ‘ಮೈನೆಸ್ಥೈ’ ಎಂಬ ಗ್ರೀಕ್ ಕ್ರಿಯಾಪದಕ್ಕೆ ಕೆರಳು, ಉನ್ಮತ್ತನಾಗು, ಮೈಮರೆ ಎಂಬ ಅರ್ಥಗಳಿವೆ. ವೈದ್ಯರು ಇಂದಿಗೂ ಬಳಸುವ ‘ಮೇನಿಯಾ’ ಇದರ ಒಡಹುಟ್ಟು. ಭವಿಷ್ಯ ನುಡಿಯುವ ದ್ರಷ್ಟಾರನಿಗೆ ಗ್ರೀಕರು ಇಟ್ಟ ‘ಮಾಂಟಿಸ್’ ಎಂಬ ಹೆಸರೂ ಇದೇ ಬಳಗದ್ದು. ಇನ್ನೂ ಹಿಂದಕ್ಕೆ ಹೋದರೆ ಇಂಡೋ-ಯುರೋಪಿಯನ್ ಭಾಷೆಗಳಿಗೆಲ್ಲ ಸಾಮಾನ್ಯವಾದ ‘ಮನ್’ ಧಾತು ಸಿಗುತ್ತದೆ. ಸಂಸ್ಕೃತದ ಮನಸ್, ಮತಿ, ಮಂತ್ರಗಳು ಹುಟ್ಟಿದ್ದು ಅದರಿಂದಲೇ. ನಾವು ದಿನವೂ ಆಡುವ ‘ಮನಸ್ಸು’ ಗ್ರೀಕರ ಉನ್ಮತ್ತೆಗೆ ದೂರದ ನೆಂಟ. ಅದಕ್ಕಿಂತ ಹತ್ತಿರದ ನೆಂಟಸ್ತಿಕೆ ‘ಮನ್ಯು’ ಎಂಬ ಪದದ್ದು. ಋಗ್ವೇದದ ಹತ್ತನೆಯ ಮಂಡಲದ ಎರಡು ಸೂಕ್ತಗಳು ಮನ್ಯುವನ್ನೇ ದೇವತೆಯಾಗಿ ಕರೆಯುತ್ತವೆ. ಅಲ್ಲಿ ಮನ್ಯು ಎಂದರೆ ಶತ್ರುವನ್ನು ಗೆಲ್ಲಿಸಿಕೊಡುವ ಕೋಪ, ಯುದ್ಧಾವೇಶ. ಸುಭದ್ರೆ ಅರ್ಜುನರ ಮಗನ ಹೆಸರಿನಲ್ಲಿ ಇರುವುದೂ ಅದೇ ಮನ್ಯು. ‘ಉನ್ಮಾದ’ ಮಾತ್ರ ಬೇರೆ ಧಾತುವಿನದು. ಅದಕ್ಕೂ ಮೀನಾಡ್‌ಗೂ ಅರ್ಥದ ಸಂಬಂಧವೇ ಹೊರತು ರಕ್ತಸಂಬಂಧವಿಲ್ಲ.

ಯುದ್ಧಾವೇಶದ ಮಾತು ಗ್ರೀಕರಲ್ಲೂ ಇದೆ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ರಣರಂಗದ ಡಯೊಮಿಡೀಸ್, ಹೆಕ್ಟರ್ ಮೊದಲಾದ ವೀರರಿಗೆ ಈ ಕ್ರಿಯಾಪದವೇ ಬಳಕೆಯಾಗುತ್ತದೆ. ವೀರನೊಬ್ಬ ಉನ್ಮತ್ತನಂತೆ ನುಗ್ಗಿದನೆಂದರೆ ಅದು ಅವನ ಪರಾಕ್ರಮದ ವರ್ಣನೆ. ಯುದ್ಧ ಮುಗಿದ ಮೇಲೆ ಅವನು ಮತ್ತೆ ಹೆಕ್ಟರನೇ. ನಿಜವಾಗಿ ಬುದ್ಧಿಭ್ರಮಣೆಯಾದ ವೀರನಿಗೂ ಹೆಸರು ಹೋಗುವುದಿಲ್ಲ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕವನ್ನು ಓದಿದವರಿಗೆ ಅದಕ್ಕೆ ಆಧಾರವಾದ ಸೊಫೊಕ್ಲೀಸನ ‘ಏಜಾಕ್ಸ್’ ಗೊತ್ತಿರುತ್ತದೆ. ಅಕಿಲೀಸನ ಆಯುಧಗಳು ತನಗೆ ಸಿಗಲಿಲ್ಲವೆಂಬ ಕ್ರೋಧ, ಅದರ ಮೇಲೆ ದೇವತೆ ಕವಿಸಿದ ಭ್ರಮೆ, ಎರಡೂ ಸೇರಿ ಏಜಾಕ್ಸ್ ದನಕುರಿಗಳ ಮಂದೆಯನ್ನೇ ಗ್ರೀಕ್ ನಾಯಕರೆಂದು ಭ್ರಮಿಸಿ ಕೊಚ್ಚಿ ಹಾಕುತ್ತಾನೆ. ನಾಟಕ ಕೊನೆಗೊಳ್ಳುವುದು ಅವನಿಗೆ ಗೌರವದ ಅಂತ್ಯಕ್ರಿಯೆ ಸಲ್ಲುವುದರೊಂದಿಗೆ. ಗಂಡಸಿಗೆ ಹುಚ್ಚು ಒಂದು ಗಳಿಗೆಯ ಸ್ಥಿತಿ. ಹೆಂಗಸಿಗೆ ಅದು ಹೆಸರೇ ಆಯಿತು.

ಆ ಹೆಸರು ಉಳಿದುಬಂದಿರುವ ಸಾಹಿತ್ಯದಲ್ಲಿ ಮೊದಲು ಕಾಣಿಸುವುದು ಇಲಿಯಡ್‌ನ ಇಪ್ಪತ್ತೆರಡನೆಯ ಸರ್ಗದಲ್ಲಿ. ಸಂದರ್ಭ ಗಮನಾರ್ಹವಾದುದು. ಕುಡಿತವಿಲ್ಲ, ಕುಣಿತವಿಲ್ಲ, ಡಯೊನೈಸಸ್ ಅಂತೂ ಅಲ್ಲಿ ಸುಳಿಯುವುದೂ ಇಲ್ಲ. ಟ್ರಾಯ್ ನಗರದ ಕೋಟೆಯ ಹೊರಗೆ ಹೆಕ್ಟರ್ ಸತ್ತಿದ್ದಾನೆ. ಅವನ ಹೆಂಡತಿ ಆಂಡ್ರೊಮಕಿಗೆ ಅದು ಗೊತ್ತಿಲ್ಲ. ಆಕೆ ಮನೆಯ ಒಳಕೋಣೆಯಲ್ಲಿ ಮಗ್ಗದ ಮುಂದೆ ಹೂವಿನ ಚಿತ್ತಾರದ ಕೆನ್ನೀಲಿ ವಸ್ತ್ರವನ್ನು ನೇಯುತ್ತಿದ್ದಾಳೆ. ಯುದ್ಧದಿಂದ ಮರಳುವ ಗಂಡನ ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳಿದ್ದಾಳೆ. ಆಗ ಕೋಟೆಯ ಕಡೆಯಿಂದ ಗೋಳಾಟ ಕೇಳಿಸುತ್ತದೆ. ಮೈ ನಡುಗುತ್ತದೆ, ಕೈಯಲ್ಲಿದ್ದ ಲಾಳಿ ಜಾರಿ ನೆಲಕ್ಕೆ ಬೀಳುತ್ತದೆ. ಎದೆ ಹೊಡೆದುಕೊಳ್ಳುತ್ತಿರಲು ಮನೆಯಿಂದ ಓಡುತ್ತಾಳೆ, ಮೈನಾಸ್‌ಳಂತೆ. ಕೋಟೆಯ ಮೇಲಿನಿಂದ ನೋಡಿದರೆ ಶತ್ರುವಿನ ಕುದುರೆಗಳು ಗಂಡನ ಶವವನ್ನು ಎಳೆದೊಯ್ಯುತ್ತಿವೆ. ಹೋಮರನ ಮನಸ್ಸಿನಲ್ಲಿ ಇದ್ದದ್ದು ಡಯೊನೈಸಸ್‌ನ ಭಕ್ತೆಯೋ ಅಥವಾ ಬರಿಯ ‘ಹುಚ್ಚಿಯಂತೆ’ ಎಂಬ ಅರ್ಥವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೇಗಿದ್ದರೂ ಸಾಹಿತ್ಯದಲ್ಲಿ ನಮಗೆ ದೊರೆಯುವ ಮೊದಲ ಉನ್ಮತ್ತೆ ಕುಡಿದವಳಲ್ಲ. ಕೈಯಿಂದ ಲಾಳಿ ಜಾರಿದ ಒಬ್ಬ ವಿಧವೆ.

ಈ ಲಾಳಿಯನ್ನು ನಾನು ಒತ್ತಿ ಹೇಳಲು ಕಾರಣವಿದೆ. ನಾವು ‘ಎಕನಾಮಿಕ್ಸ್’ ಎನ್ನುವ ಶಾಸ್ತ್ರದ ಹೆಸರು ಗ್ರೀಕರ ‘ಓಯ್ಕೊನೊಮಿಯಾ’, ಅಂದರೆ ಮನೆವಾರ್ತೆಯ ನಿರ್ವಹಣೆ ಎಂಬ ಪದದಿಂದ ಬಂದುದು. ಈ ವಿಷಯದ ಮೇಲೆ ಕ್ಸೆನೊಫೋನ್ ಬರೆದ ಸಂವಾದ ಗ್ರಂಥವೊಂದು ಉಳಿದಿದೆ. ಅದರಲ್ಲಿ ಗೃಹಸ್ಥನೊಬ್ಬ ಇನ್ನೂ ಹದಿನೈದು ತುಂಬದೆ ತನ್ನ ಮನೆಗೆ ಬಂದ ಹೆಂಡತಿಗೆ ಸಂಸಾರದ ಆಡಳಿತವನ್ನು ಕಲಿಸಿದ ಬಗೆಯನ್ನು ವಿವರಿಸುತ್ತಾನೆ. ಹೊರಗಿನ ಕೆಲಸ ಗಂಡಿನದು, ಒಳಗಿನದು ಹೆಣ್ಣಿನದು. ದಾಸಿಯರು ಉಣ್ಣೆಯ ಕೆಲಸವನ್ನು ಸರಿಯಾಗಿ ಮಾಡುವಂತೆ ನೋಡಿಕೊಳ್ಳಬೇಕು, ಮಗ್ಗದ ಮುಂದೆ ನಿಂತು ಉಸ್ತುವಾರಿ ನಡೆಸಬೇಕು. ಮನೆಯವರ ಮೈಮೇಲಿನ ಬಟ್ಟೆಯೆಲ್ಲ ಹೆಣ್ಣಿನ ದುಡಿಮೆಯಿಂದ ತಯಾರಾಗುತ್ತಿದ್ದ ಕಾಲ ಅದು. ಆ ಮಗ್ಗ ನಿಂತರೆ ಮನೆ ನಿಂತಂತೆ. ವಿದ್ಯಾರ್ಥಿಯಾಗಿದ್ದಾಗ ನಮ್ಮ ಶಾಸ್ತ್ರದ ಹೆಸರಿನ ವ್ಯುತ್ಪತ್ತಿಯನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. ಆ ಮನೆಯೊಳಗೆ ಯಾರು ಏನು ಮಾಡುತ್ತಿದ್ದರೆಂದು ವಿಚಾರಿಸಿದ್ದು ಅರವತ್ತು ದಾಟಿದ ಮೇಲೆ.

ಮೀನಾಡ್‌ಗಳ ಕುರಿತು ಜಗತ್ತಿಗೆ ಇರುವ ಕಲ್ಪನೆಯ ಬಹುಪಾಲು ಒಂದೇ ನಾಟಕದಿಂದ ಬಂದುದು. ಅದು ಯೂರಿಪಿಡೀಸನ ‘ಬಾಕೈ’. ಮ್ಯಾಸಿಡೋನಿಯಾದಲ್ಲಿ ಕವಿ ತೀರಿಕೊಂಡ ಮೇಲೆ, ಕ್ರಿ.ಪೂ. 405ರ ಸುಮಾರಿಗೆ ಅಥೆನ್ಸ್‌ನಲ್ಲಿ ಪ್ರದರ್ಶನಗೊಂಡು ಮೊದಲ ಬಹುಮಾನ ಪಡೆಯಿತು. ಡಯೊನೈಸಸ್ ತಾನು ಹುಟ್ಟಿದ ಥೀಬ್ಸ್ ನಗರಕ್ಕೆ ಮರಳುತ್ತಾನೆ. ಅವನ ದೈವತ್ವವನ್ನು ತಾಯಿಯ ಕಡೆಯ ಬಂಧುಗಳೇ ಒಪ್ಪುವುದಿಲ್ಲ. ಆತ ಊರಿನ ಹೆಂಗಸರನ್ನೆಲ್ಲ ಉನ್ಮತ್ತರನ್ನಾಗಿಸಿ ಮಗ್ಗ ಲಾಳಿಗಳಿಂದ ಎಬ್ಬಿಸಿ ಸಿಥೆರಾನ್ ಬೆಟ್ಟಕ್ಕೆ ಓಡಿಸುತ್ತಾನೆ. ಯುವ ಅರಸ ಪೆಂಥಿಯಸ್‌ಗೆ ಇದು ಶಾಂತಿ ಸುವ್ಯವಸ್ಥೆಯ ಪ್ರಶ್ನೆ. ಹೆಂಗಸರು ಮದ್ಯಪಾನ, ವ್ಯಭಿಚಾರಗಳಿಗೆ ದೇವರ ನೆಪ ಹೂಡಿದ್ದಾರೆಂದು ಆತ ನೋಡದೆಯೇ ತೀರ್ಮಾನಿಸಿದ್ದಾನೆ. ದೇವರೊಡನೆ ಏಷ್ಯಾದಿಂದ ಬಂದಿರುವ ಭಕ್ತೆಯರಿಗೆ ಆತ ಹಾಕುವ ಬೆದರಿಕೆ ಸೂಚಕವಾಗಿದೆ: ನಿಮ್ಮನ್ನು ಗುಲಾಮರನ್ನಾಗಿ ಮಾರುತ್ತೇನೆ, ಇಲ್ಲವೇ ತಮಟೆ ಬಡಿಯುವ ಕೈಗಳನ್ನು ನಮ್ಮ ಮಗ್ಗಗಳಿಗೆ ಹಚ್ಚುತ್ತೇನೆ.

ಬೆಟ್ಟದಿಂದ ಬಂದ ದನಗಾಹಿ ಅರಸನಿಗೆ ಒಪ್ಪಿಸುವ ವರದಿ ಬೇರೆಯೇ ಇದೆ. ಹೆಂಗಸರು ಕುಡಿದಿರಲಿಲ್ಲ, ಮರಗಳ ಕೆಳಗೆ ಮರ್ಯಾದೆಯಿಂದ ಮಲಗಿದ್ದರು. ಎದ್ದವರು ಜಿಂಕೆಯ ಚರ್ಮವನ್ನು ಹೊದ್ದು ಕಟ್ಟಿಕೊಂಡರು. ಎಳೆಗೂಸುಗಳನ್ನು ಮನೆಯಲ್ಲಿ ಬಿಟ್ಟು ಬಂದವರು ಜಿಂಕೆಯ ಮರಿಗಳಿಗೂ ತೋಳದ ಮರಿಗಳಿಗೂ ಮೊಲೆಯೂಡಿದರು. ಐವಿ ಬಳ್ಳಿ ಸುತ್ತಿದ ‘ಥಿರ್ಸಸ್’ ಎಂಬ ದಂಡದಿಂದ ಬಂಡೆಯನ್ನು ಬಡಿದಾಗ ನೀರು ಚಿಮ್ಮಿತು, ಬೆರಳಿನಿಂದ ನೆಲವನ್ನು ಗೀರಿದಾಗ ಹಾಲು ಬಂತು. ಇಷ್ಟರಲ್ಲಿ ಅರಸನ ಮೆಚ್ಚುಗೆ ಗಳಿಸಲೆಂದು ದನಗಾಹಿಗಳು ಅರಸನ ತಾಯಿ ಅಗಾವೆಯನ್ನು ಹಿಡಿಯಲು ಹವಣಿಸುತ್ತಾರೆ. ಆಗ ದೃಶ್ಯ ಬದಲಾಗುತ್ತದೆ. ಹೆಂಗಸರು ಬರಿಗೈಯಿಂದ ದನಗಳನ್ನು ಸೀಳುತ್ತಾರೆ, ಬೆಟ್ಟದ ತಪ್ಪಲಿನ ಹಳ್ಳಿಗಳ ಮೇಲೆ ಎರಗಿ ಮನೆಗಳಿಂದ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ. ತಡೆಯಲು ಬಂದ ಗಂಡಸರ ಈಟಿಗಳಿಗೆ ಅವರ ಮೈಯಿಂದ ಒಂದು ಹನಿ ರಕ್ತ ಬರುವುದಿಲ್ಲ. ಹೆಂಗಸರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕವಿ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಹಿಂಸೆ ಆರಂಭವಾದದ್ದು ಹಿಡಿಯಲು ಕೈ ಚಾಚಿದ ಮೇಲೆ ಎಂಬುದನ್ನು ವರದಿಯಲ್ಲಿ ದಾಖಲಿಸಿದ್ದಾನೆ. ಕಾನೂನು ಸುವ್ಯವಸ್ಥೆಯ ಬಗ್ಗೆ ಬಂದ ಇಂಥ ವರದಿಗಳನ್ನು ಓದಿ ಅನುಭವವಿರುವ ನನಗೆ ಆ ವಾಕ್ಯಗಳ ಅನುಕ್ರಮ ಬಹಳ ಹೊತ್ತು ಕಾಡಿತು.

ಹಾಗೆಂದು ಯೂರಿಪಿಡೀಸ್ ಮೀನಾಡ್‌ಗಳ ವಕೀಲನಲ್ಲ. ಹೆಣ್ಣುವೇಷ ತೊಟ್ಟು ಮರವೇರಿ ಕದ್ದು ನೋಡಲು ಹೋದ ಪೆಂಥಿಯಸ್‌ನನ್ನು ಸೀಳುವವರಲ್ಲಿ ಮೊದಲಿಗಳು ಅವನ ತಾಯಿ. ಅಮ್ಮಾ, ನಾನು ನಿನ್ನ ಮಗ ಎಂದು ಆತ ಬೇಡಿಕೊಂಡರೂ ಆಕೆಗೆ ಕಾಣುವುದು ಸಿಂಹದ ಮರಿ. ತಲೆಯನ್ನು ಕೈಯಲ್ಲಿ ಹಿಡಿದು ಊರಿಗೆ ಬಂದವಳು ತಂದೆ ಕ್ಯಾಡ್ಮಸ್‌ನ ಎದುರು ಜಂಭ ಕೊಚ್ಚುತ್ತಾಳೆ: ಮಗ್ಗದ ಬಳಿ ಲಾಳಿಯನ್ನು ಬಿಟ್ಟು ದೊಡ್ಡ ಕೆಲಸಕ್ಕೆ, ಬರಿಗೈಯ ಬೇಟೆಗೆ ಏರಿದವಳು ನಾನು. ಮುದುಕ ಆಕೆಯನ್ನು ಗದರುವುದಿಲ್ಲ. ಮೊದಲು ಆಕಾಶದ ಕಡೆ ನೋಡು ಎನ್ನುತ್ತಾನೆ. ನಿನ್ನನ್ನು ಯಾರಿಗೆ ಮದುವೆ ಮಾಡಿಕೊಟ್ಟೆ, ಹುಟ್ಟಿದ ಮಗ ಯಾರು ಎಂದು ಒಂದೊಂದಾಗಿ ಕೇಳುತ್ತ, ಕೊನೆಗೆ ಕೈಯಲ್ಲಿರುವುದು ಏನೆಂದು ನೋಡಿಸುತ್ತಾನೆ. ಉನ್ಮಾದದಿಂದ ಒಬ್ಬರನ್ನು ಹಿಂದಕ್ಕೆ ಕರೆತರುವ ರೀತಿಯನ್ನು ಇಷ್ಟು ತಾಳ್ಮೆಯಿಂದ ಬರೆದ ದೃಶ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಇದಾದ ಮೇಲೆ ತಾಯಿ ಮಗನ ಅವಯವಗಳ ಮುಂದೆ ಗೋಳಾಡುವ ಭಾಗ ಬರಬೇಕು. ನಮಗೆ ಉಳಿದಿರುವ ಹಸ್ತಪ್ರತಿಯಲ್ಲಿ ಅದೇ ಲುಪ್ತವಾಗಿದೆ. ಏಜಾಕ್ಸ್‌ಗೆ ಅಂತ್ಯಗೌರವ ದೊರೆಯಿತು. ಅಗಾವೆಗೆ ದೊರೆತದ್ದು ಗಡಿಪಾರು, ಆಕೆಯ ಪ್ರಲಾಪವೂ ಕಾಲಕ್ಕೆ ಆಹುತಿ. ವೇದಿಕೆಯ ಮೇಲೆ ಅಗಾವೆಯಾಗಿ ನಿಂತಿದ್ದವನೂ ಗಂಡಸೇ ಎಂಬುದನ್ನು ಮರೆಯಬಾರದು, ಗ್ರೀಕ್ ರಂಗಭೂಮಿಯಲ್ಲಿ ನಟಿಯರು ಇರಲಿಲ್ಲ.

ಮಗ್ಗ ಬಿಡಲೊಪ್ಪದವರ ಕಥೆಯೂ ಉಂಟು. ಆರ್ಖೊಮೆನಸ್ ನಗರದ ಮಿನ್ಯಾಸ್‌ನ ಹೆಣ್ಣುಮಕ್ಕಳು ಕಷ್ಟಜೀವಿಗಳು. ದೇವರ ಕರೆಗೆ ಓಗೊಡದೆ ನೇಯುತ್ತಲೇ ಕುಳಿತರು. ಮಗ್ಗದ ನೂಲು ದ್ರಾಕ್ಷಿಯ ಬಳ್ಳಿಯಾಯಿತು, ಅವರಿಗೂ ಹುಚ್ಚು ಹಿಡಿಯಿತು, ಚೀಟಿ ಎತ್ತಿ ತಮ್ಮಲ್ಲೇ ಒಬ್ಬಳ ಮಗನನ್ನು ಸೀಳಿದರು. ಈ ಕಥೆಯ ನೆನಪಿಗಾಗಿ ಆ ಊರಿನ ಹಬ್ಬದಲ್ಲಿ ಪೂಜಾರಿ ಕತ್ತಿ ಹಿಡಿದು ಆ ವಂಶದ ಹೆಂಗಸರನ್ನು ಅಟ್ಟಿಸಿಕೊಂಡು ಹೋಗುವ ಪದ್ಧತಿಯಿತ್ತು. ಕೈಗೆ ಸಿಕ್ಕವಳನ್ನು ಕೊಲ್ಲಲು ಅನುಮತಿಯೂ ಇತ್ತು. ಕ್ರಿ.ಶ. ಒಂದನೆಯ ಶತಮಾನದ ಉತ್ತರಾರ್ಧದಲ್ಲಿ, ಇತಿಹಾಸಕಾರ ಪ್ಲುಟಾರ್ಕ್‌ನ ಜೀವಿತಕಾಲದಲ್ಲೇ, ಜೊಯ್ಲಸ್ ಎಂಬ ಪೂಜಾರಿ ನಿಜವಾಗಿಯೂ ಒಬ್ಬಳನ್ನು ಕೊಂದ. ಆಮೇಲೆ ಅವನು ಹುಣ್ಣಾಗಿ ನರಳಿ ಸತ್ತ, ಊರಿಗೂ ಕೇಡು ತಟ್ಟಿತು. ಊರವರು ಪೂಜಾರಿಕೆಯನ್ನು ಆ ಮನೆತನದಿಂದ ಕಿತ್ತು, ಎಲ್ಲರಲ್ಲಿ ಉತ್ತಮನಾದವನನ್ನು ಆರಿಸುವ ಕ್ರಮ ತಂದರು. ಪುರಾಣದ ಹೆಂಗಸರು ಸೀಳಿದ್ದು ಕಥೆ. ಈ ಕೊಲೆ ಮಾತ್ರ ಪ್ಲುಟಾರ್ಕ್ ತನ್ನ ಕಾಲದಲ್ಲೇ ನಡೆದದ್ದೆಂದು ಬರೆದಿಟ್ಟ ಘಟನೆ.

ಹುಚ್ಚು ಹೊರಗಿನಿಂದ ಬಂತು ಎಂದು ಹೇಳುವುದು ಎಲ್ಲ ಸಮಾಜಗಳಿಗೂ ಹಿತವಾದ ವಿವರಣೆ. ಯೂರಿಪಿಡೀಸನ ನಾಟಕದಲ್ಲೇ ದೇವರು ಏಷ್ಯಾದ ಕಡೆಯಿಂದ ಬರುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸ ಎರ್ವಿನ್ ರೋಡೆ, ಈ ಆರಾಧನೆ ಉತ್ತರದ ಥ್ರೇಸ್ ಪ್ರದೇಶದಿಂದ ಸೋಂಕಿನಂತೆ ಗ್ರೀಸಿಗೆ ಹರಡಿತೆಂದು ವಾದಿಸಿದ. ವಿವೇಕಿಗಳಾದ ಗ್ರೀಕರಿಗೆ ಇದು ಸ್ವಂತದ್ದಾಗಿರಲಾರದು ಎಂಬ ನಂಬಿಕೆ ಆ ವಾದದ ಹಿಂದೆ ಇದ್ದಂತೆ ತೋರುತ್ತದೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ‘ಲೀನಿಯರ್ ಬಿ’ ಲಿಪಿಯನ್ನು ಬಿಡಿಸಿದ ಮೇಲೆ ಈ ವಾದ ನೆಲೆ ಕಳೆದುಕೊಂಡಿತು. ಪೈಲಾಸ್ ಅರಮನೆಯ ಮಣ್ಣಿನ ಫಲಕಗಳಲ್ಲಿ, ಅಂದರೆ ಕ್ರಿ.ಪೂ. 1200ರ ಸುಮಾರಿಗೇ, ಡಯೊನೈಸಸ್‌ನ ಹೆಸರು ಸಿಕ್ಕಿತು. ಪರಕೀಯನೆನಿಸಿಕೊಂಡ ದೇವರು ಹೋಮರನಿಗಿಂತಲೂ ಹಳೆಯ ನಿವಾಸಿ.

ಹಾಗಾದರೆ ಈ ಆರಾಧನೆ ನಡೆಸಿದ ನಿಜವಾದ ಹೆಂಗಸರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಶಾಸನಗಳಲ್ಲಿ ಸಾಮಾನ್ಯವಾಗಿ ಸಿಗುವುದು ‘ಬಾಕೈ’, ಡೆಲ್ಫಿಯಲ್ಲಿ ‘ಥಿಯಾದೆಸ್’. ಮೈನಾಸ್ ಬಹುಮಟ್ಟಿಗೆ ಕವಿಗಳ ಪದ, ನೋಡುವವರು ಇಟ್ಟ ಹೆಸರು. ಅಪವಾದವೂ ಇದೆ. ಏಷ್ಯಾ ಮೈನರ್‌ನ ಮ್ಯಾಗ್ನೀಸಿಯಾ ನಗರದ ಶಾಸನವೊಂದು, ದೈವವಾಣಿಯ ಅಪ್ಪಣೆಯಂತೆ ಥೀಬ್ಸ್‌ನಿಂದ ಮೂವರು ‘ಮೈನಾದೆಸ್’ರನ್ನು ಕರೆಸಿ ಭಕ್ತೆಯರ ಮಂಡಳಿಗಳನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ಅವರ ಹೆಸರುಗಳೂ ಇವೆ: ಕೊಸ್ಕೊ, ಬೌಬೊ, ಥೆಟ್ಟಾಲೆ. ಅಲ್ಲಿ ಅದು ನಿಂದೆಯಲ್ಲ, ಪದವಿ. ಇನ್ನು ಮಿಲೆಟಸ್ ನಗರದ ಕ್ರಿ.ಪೂ. 276ರ ಸುಮಾರಿನ ಶಾಸನವಂತೂ ನಮ್ಮ ಯಾವುದೇ ಇಲಾಖೆಯ ಸುತ್ತೋಲೆಯನ್ನು ಹೋಲುತ್ತದೆ. ನಗರದ ಪರವಾಗಿ ಪೂಜಾರಿಣಿ ಹಸಿಮಾಂಸದ ನೈವೇದ್ಯ ಅರ್ಪಿಸುವ ಮೊದಲು ಬೇರೆ ಯಾರೂ ಅರ್ಪಿಸತಕ್ಕದ್ದಲ್ಲ. ನಗರದಲ್ಲಾಗಲಿ ಹಳ್ಳಿಯಲ್ಲಾಗಲಿ ದೀಕ್ಷೆ ಕೊಡಿಸಬಯಸುವ ಹೆಂಗಸು ಎರಡು ವರ್ಷಕ್ಕೊಮ್ಮೆ ಬರುವ ಪ್ರತಿ ಉತ್ಸವದಲ್ಲಿ ಪೂಜಾರಿಣಿಗೆ ಒಂದು ಸ್ಟೇಟರ್ ನಾಣ್ಯ ಸಲ್ಲಿಸತಕ್ಕದ್ದು. ಹುಚ್ಚಿಗೂ ಪರವಾನಗಿ, ಅದಕ್ಕೊಂದು ಶುಲ್ಕ! ಕಾವ್ಯದ ಭೀಕರ ಮೀನಾಡ್ ಇಲ್ಲಿ ಪಂಚಾಂಗದ ಪ್ರಕಾರ ಬೆಟ್ಟ ಹತ್ತಿ, ಕುಣಿದು, ಮನೆಗೆ ಮರಳಿ ಮತ್ತೆ ಮಗ್ಗಕ್ಕೆ ಕೂರುವ ಗೃಹಿಣಿ. ಆಕೆಯ ಸ್ಥಿತಿಗೆ ಗ್ರೀಕರಲ್ಲಿ ‘ಎಂಥಿಯೋಸ್’ ಎಂಬ ಗೌರವದ ಪದವೂ ಇತ್ತು. ಒಳಗೆ ದೇವರಿರುವವಳು ಎಂದರ್ಥ. ಒಳಹೊಗುವುದು ಎಂಬ ಅರ್ಥದ ನಮ್ಮ ‘ಆವೇಶ’ವೂ ಅದನ್ನೇ ಹೇಳುತ್ತದೆ.

ಮಿಲೆಟಸ್ ಶುಲ್ಕ ವಿಧಿಸಿದ್ದನ್ನು ರೋಮ್ ಸಹಿಸಲಿಲ್ಲ. ಕ್ರಿ.ಪೂ. 186ರಲ್ಲಿ ಅಲ್ಲಿನ ಸೆನೆಟ್ ಬಾಕಸ್‌ನ, ಅಂದರೆ ಡಯೊನೈಸಸ್‌ನ, ಆರಾಧಕರ ಮೇಲೆ ಇಟಲಿಯಾದ್ಯಂತ ಕ್ರಮ ಕೈಗೊಂಡಿತು. ಇತಿಹಾಸಕಾರ ಲಿವಿಯ ಪ್ರಕಾರ ಏಳು ಸಾವಿರಕ್ಕೂ ಹೆಚ್ಚು ಸ್ತ್ರೀಪುರುಷರ ಮೇಲೆ ಆರೋಪ ಬಂತು. ಸೆರೆಗೆ ಹೋದವರಿಗಿಂತ ಮರಣದಂಡನೆಗೆ ಗುರಿಯಾದವರೇ ಹೆಚ್ಚು. ಶಿಕ್ಷೆಗೊಳಗಾದ ಹೆಂಗಸರನ್ನು ಅವರ ಬಂಧುಗಳಿಗೆ ಒಪ್ಪಿಸಿ, ಮನೆಯೊಳಗೇ ಶಿಕ್ಷೆಯನ್ನು ಜಾರಿಗೊಳಿಸುವಂತೆ ಮಾಡಲಾಯಿತು. ಲಿವಿ ಬರೆದದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ; ಅವನ ವರ್ಣನೆಯಲ್ಲಿ ರಂಜನೆಯ ಅಂಶವಿರಬಹುದು. ಆದರೆ ಸೆನೆಟ್‌ನ ಆದೇಶದ ಕಂಚಿನ ಫಲಕವೊಂದು 1640ರಲ್ಲಿ ದಕ್ಷಿಣ ಇಟಲಿಯ ಟಿರಿಯೋಲೊ ಎಂಬಲ್ಲಿ ಸಿಕ್ಕಿತು, ಈಗ ಅದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕುಡಿತದ ಮಾತಾಗಲಿ ಕುಣಿತದ ಮಾತಾಗಲಿ ಇಲ್ಲ. ಗಂಡಸು ಪೂಜಾರಿಯಾಗಕೂಡದು, ಸಾಮಾನ್ಯ ನಿಧಿ ಇರಕೂಡದು, ಪರಸ್ಪರ ಪ್ರಮಾಣ ಮಾಡಕೂಡದು, ಇಬ್ಬರು ಗಂಡಸರು, ಮೂವರು ಹೆಂಗಸರಿಗಿಂತ ಹೆಚ್ಚು ಮಂದಿ ಸೇರಕೂಡದು, ಸೇರಬೇಕಾದರೆ ಕನಿಷ್ಠ ನೂರು ಸದಸ್ಯರು ಹಾಜರಿರುವ ಸೆನೆಟ್‌ನ ಒಪ್ಪಿಗೆ ಬೇಕು. ಆದೇಶಗಳನ್ನು ಕರಡು ಮಾಡಿ ಅಭ್ಯಾಸವಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸರ್ಕಾರಕ್ಕೆ ಉನ್ಮಾದದ ಭಯವಿರಲಿಲ್ಲ. ಲೆಕ್ಕಪತ್ರ, ಪದಾಧಿಕಾರಿ, ಸದಸ್ಯತ್ವಗಳಿರುವ ಸಂಘಟನೆಯ ಭಯವಿತ್ತು.

ಗ್ರೀಸಿನಲ್ಲಿ ಆರಾಧನೆ ಮುಂದುವರಿಯಿತು. ಡೆಲ್ಫಿಯ ಥಿಯಾದೆಸ್‌ರು ಅಥೆನ್ಸ್‌ನಿಂದ ಬಂದವರೊಡನೆ ಸೇರಿ ವರ್ಷ ಬಿಟ್ಟು ವರ್ಷ ಪರ್ನಾಸಸ್ ಪರ್ವತವನ್ನೇರುತ್ತಿದ್ದರು. ಅದು ಚಳಿಗಾಲದ ವ್ರತ. ಒಮ್ಮೆ ಹಿಮಗಾಳಿಗೆ ಸಿಕ್ಕಿದವರನ್ನು ಕರೆತರಲು ಹೋದವರ ಮೇಲುಹೊದಿಕೆಗಳು ಹೆಪ್ಪುಗಟ್ಟಿ ಮರದ ಹಲಗೆಯಂತಾಗಿದ್ದವೆಂದು ಪ್ಲುಟಾರ್ಕ್ ಬರೆಯುತ್ತಾನೆ. ಅವನು ಡೆಲ್ಫಿಯಲ್ಲೇ ಅರ್ಚಕನಾಗಿದ್ದವನು. ಥಿಯಾದೆಸ್‌ರ ನಾಯಕಿ ಕ್ಲಿಯಾ ಅವನ ಗೆಳತಿ, ತತ್ತ್ವಶಾಸ್ತ್ರ ಬಲ್ಲವಳು. ಸ್ತ್ರೀಯರ ಸದ್ಗುಣಗಳನ್ನು ಕುರಿತ ತನ್ನ ಗ್ರಂಥವನ್ನು ಆತ ಬರೆದದ್ದು ಆಕೆಗಾಗಿ.

ಆ ಗ್ರಂಥದಲ್ಲಿ ಅವನು ತನಗಿಂತ ನಾಲ್ಕು ಶತಮಾನಗಳಷ್ಟು ಹಿಂದಿನ ಒಂದು ಪ್ರಸಂಗವನ್ನು ಹೇಳಿದ್ದಾನೆ. ಕ್ರಿ.ಪೂ. 356ರಿಂದ 346ರವರೆಗೆ ನಡೆದ ‘ಪವಿತ್ರ ಯುದ್ಧ’ದ ಕಾಲ. ಫೋಕಿಸ್‌ನ ನಿರಂಕುಶರು ಡೆಲ್ಫಿಯನ್ನು ವಶಪಡಿಸಿಕೊಂಡಿದ್ದರು. ಥಿಯಾದೆಸ್‌ರು ಒಂದು ರಾತ್ರಿ ಆವೇಶದಲ್ಲಿ ದಾರಿ ತಪ್ಪಿ ಅಲೆಯುತ್ತ, ತಾವೆಲ್ಲಿದ್ದೇವೆಂಬ ಅರಿವಿಲ್ಲದೆ ಆಂಫಿಸ್ಸಾ ಎಂಬ ಊರನ್ನು ಹೊಕ್ಕರು. ಆ ಊರು ಫೋಕಿಸ್‌ನ ಪಕ್ಷ ವಹಿಸಿತ್ತು, ಅಲ್ಲಿ ಸೈನಿಕರು ತುಂಬಿದ್ದರು. ದಣಿದಿದ್ದ ಹೆಂಗಸರು ಪೇಟೆಯ ಚೌಕದಲ್ಲಿ ಬಿದ್ದಲ್ಲಿಯೇ ನಿದ್ದೆಹೋದರು. ಸುದ್ದಿ ತಿಳಿದ ಆಂಫಿಸ್ಸಾದ ಹೆಂಗಸರು, ಸೈನಿಕರು ಇವರಿಗೆ ಅಪಚಾರ ಮಾಡಿಯಾರೆಂದು ಹೆದರಿ, ಮನೆಗಳಿಂದ ಓಡಿಬಂದು ಮಲಗಿದವರ ಸುತ್ತಲೂ ನಿಂತರು. ಯಾರೂ ಮಾತಾಡಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಅವರು ತಾವಾಗಿ ಎದ್ದ ಮೇಲೆ ಒಬ್ಬೊಬ್ಬರನ್ನೂ ಉಪಚರಿಸಿ ಊಟ ಕೊಟ್ಟರು. ಆಮೇಲೆ ತಮ್ಮ ಗಂಡಂದಿರನ್ನು ಒಪ್ಪಿಸಿ, ಅತಿಥಿಗಳ ಜೊತೆಯಲ್ಲಿ ಊರ ಗಡಿಯವರೆಗೆ ನಡೆದು ಕಳುಹಿಸಿ ಬಂದರು.